ಕೆರೆಯೋ, ಕೇರೆಯೋ?

ಠಾಣೆಯನ್ನು ಕೆರೆಗಳ ಊರು ಎಂದು ಕರೆಯುವುದು ವಾಡಿಕೆ. ರೈಲ್ವೆ ಸ್ಟೇಷನ್ನಿನ ಪಶ್ಚಿಮದ ಬಾಗಿಲಿನಿಂದ ಹೊರಬಿದ್ದು, ಪೇಟೆಯ ಗದ್ದಲದೊಳಗೆ ಸ್ವಲ್ಪ ದೂರ ನುಸುಳಿಕೊಂಡು ನಡೆದರೆ ಮಾಸುಂದಾ ಕೆರೆ ಎದುರಾಗುತ್ತದೆ. ಊರವರ ಬಾಯಲ್ಲಿ ಅದು ತಲಾವ್‌ಪಾಳಿ. ಸಂಜೆಯಾದರೆ ಅದರ ದಂಡೆಯ ಮೇಲೆ ಮುದುಕರು, ಮಕ್ಕಳು, ಹೊಸದಾಗಿ ಮದುವೆಯಾದವರು ಎಲ್ಲರೂ ಗಾಳಿಗೆ ಬಂದು ಕೂಡುತ್ತಾರೆ. ಸಮೀಪದಲ್ಲೇ ಕೋಪಿನೇಶ್ವರನ ಗುಡಿ. ಇನ್ನು ಗುಡ್ಡದ ಕಡೆಗೆ ಹೋದರೆ ಉಪವನ ಕೆರೆ, ನಡುವೆ ಕಚರಾಳಿ ಕೆರೆ. ಹೀಗೆ ಒಂದಲ್ಲ ಎರಡಲ್ಲ.

ಇಂಥ ಊರಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಗುವೊಂದು ಊರಿನ ಅಜ್ಜನಿಗೆ ಫೋನು ಮಾಡಿ, “ಅಜ್ಜಾ, ನಮ್ಮ ಊರಿನ ತುಂಬ ಕೇರೆಗಳಿವೆ, ಅಪ್ಪ ನನ್ನನ್ನು ದಿನಾಲೂ ಕೇರೆಯ ಹತ್ತಿರ ಕರಕೊಂಡು ಹೋಗುತ್ತಾರೆ” ಎಂದು ಹೇಳಿತೆನ್ನಿ. ಅಜ್ಜನ ಎದೆ ಧಸಕ್ಕೆನ್ನದೆ ಇದ್ದೀತೆ? ಕೆರೆ ಎಂದರೆ ನೀರು. ಕೇರೆ ಎಂದರೆ ಹಾವು. ವಿಷವಿಲ್ಲದ ಹಾವೇ ಆದರೂ ಹಾವು ಹಾವೇ. ಒಂದು ಸ್ವರವನ್ನು ಅರ್ಧ ಕ್ಷಣ ಹೆಚ್ಚು ಎಳೆದದ್ದಕ್ಕೆ ಮಾಸುಂದಾ ಕೆರೆಯ ಇಡೀ ನೀರು ಬತ್ತಿಹೋಗಿ, ಅದರ ಜಾಗದಲ್ಲಿ ಹಾವು ಹರಿದಾಡತೊಡಗಿತು!

ನಗುವ ಮಾತು ಇದು, ನಿಜ. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮನೆ ಮಾಡಿರುವ ನಮ್ಮಲ್ಲಿ ಅನೇಕರ ಮನೆಯ ಮಾತೂ ಹೌದು. ನಮ್ಮ ಮಕ್ಕಳು ಕನ್ನಡವನ್ನು ಬಿಟ್ಟಿಲ್ಲ; ಆಡುತ್ತಾರೆ. ಆದರೆ ಆಡುವ ಕನ್ನಡದಲ್ಲಿ ಎರಡು ಪುಟ್ಟ ಸ್ವರಗಳು ಸದ್ದಿಲ್ಲದೆ ಜಾರಿಹೋಗುತ್ತಿವೆ. ಒಂದು ಹ್ರಸ್ವವಾದ ಎಕಾರ, ಇನ್ನೊಂದು ಹ್ರಸ್ವವಾದ ಒಕಾರ. ಈ ಸಲ ಠಾಣೆಯಿಂದ ಕಲ್ಯಾಣದವರೆಗಿನ ಸುಮಾರು ೨೦ ಕಿಲೋಮೀಟರಿನ ರೈಲುದಾರಿಯಲ್ಲಿಯೂ, ಆಮೇಲೆ ಖಾಡಿಯಾಚೆಯ ನವಿ ಮುಂಬಯಿಯಲ್ಲಿಯೂ ನನ್ನೊಡನೆ ಸಂಚರಿಸಿ, ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಕೆಲಸ ಕೊಡಬೇಕೆಂದು ಓದುಗರಲ್ಲಿ ಬಿನ್ನಹ.

ಠಾಣೆಯ ಹೆಸರಿನಿಂದಲೇ ಪ್ರಾರಂಭಿಸೋಣ. ಉತ್ತರ ಕೊಂಕಣವನ್ನಾಳಿದ ಶಿಲಾಹಾರರಿಗೆ ಇದು ರಾಜಧಾನಿ. ಅವರ ತಾಮ್ರಶಾಸನಗಳಲ್ಲಿ ಊರಿನ ಹೆಸರು ಶ್ರೀಸ್ಥಾನಕ. ಈ ಶಿಲಾಹಾರರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತರಾಗಿದ್ದವರು. ಮಾನ್ಯಖೇಟವೆಂದರೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ. ಅಂದ ಮೇಲೆ ಈ ಊರಿಗೂ ಕನ್ನಡನಾಡಿಗೂ ನಂಟು ನಮ್ಮ ಬಾಡಿಗೆ ಚೀಟಿಗಿಂತ ಹಳೆಯದೆಂದು ಧೈರ್ಯವಾಗಿ ಹೇಳಬಹುದು. ಸ್ಥಾನವೇ ಸವೆದು ಠಾಣೆಯಾಯಿತು. ಕನ್ನಡದಲ್ಲಿ ಠಾಣೆ ಎಂದೊಡನೆ ಪೊಲೀಸರ ನೆನಪಾಗುವುದು ಬೇರೆ ಮಾತು. “ಅಳಿಯಂದಿರು ಈಗ ಠಾಣೆಯಲ್ಲಿದ್ದಾರೆ” ಎಂದು ಹುಬ್ಬಳ್ಳಿಯ ಮದುವೆಮನೆಯಲ್ಲಿ ಹೇಳಿ ನೋಡಿ. ಬೀಗರ ಮುಖ ಹೇಗಾಗುತ್ತದೆಂದು ತಿಳಿಯುತ್ತದೆ. ಕನ್ನಡ ಪತ್ರಿಕೆಗಳಲ್ಲಿ ಥಾಣೆ ಎಂದು ಬರೆಯುವುದೂ ಉಂಟಷ್ಟೆ. ಅದರಿಂದ ಬೇರೇನು ಲಾಭವಾಯಿತೋ ಕಾಣೆ, ಅಳಿಯಂದಿರ ಮಾನವಂತೂ ಉಳಿಯಿತು.

ಈಗ ಆ ಹೆಸರಿನ ಕೊನೆಯ ಸ್ವರವನ್ನು ಕೇಳಿ. ಮರಾಠಿಯಲ್ಲಿ ಎಕಾರಕ್ಕೆ ಒಂದೇ ಅಕ್ಷರ. ನಮ್ಮ ಎ ಮತ್ತು ಏ ಎರಡೂ ಅದರ ಪಾಲಿಗೆ ಒಂದೇ. ಒ ಮತ್ತು ಓಗಳ ಕಥೆಯೂ ಅಷ್ಟೆ. ನಾಗರಿ ಲಿಪಿಯ ವರ್ಣಮಾಲೆ ಸಂಸ್ಕೃತದ್ದು. ಸಂಸ್ಕೃತದಲ್ಲಿ ಎಕಾರ ಒಕಾರಗಳು ಯಾವಾಗಲೂ ದೀರ್ಘ. ಹ್ರಸ್ವವೇ ಇಲ್ಲದ ಮೇಲೆ ಅದಕ್ಕೊಂದು ಅಕ್ಷರ ಏಕೆ? ದಕ್ಷಿಣದ ಭಾಷೆಗಳನ್ನು ನಾಗರಿಯಲ್ಲಿ ಬರೆಯುವುದಕ್ಕೆಂದು ಪಂಡಿತರು ಹ್ರಸ್ವದ ಗುರುತುಗಳನ್ನು ಮಾಡಿಕೊಂಡಿದ್ದಾರೆ; ಆದರೆ ಶಾಲೆಯ ಗೋಡೆಯ ಮೇಲೆ ತೂಗುಹಾಕುವ ವರ್ಣಮಾಲೆಯಲ್ಲಿ ಅವಕ್ಕೆ ಎಡೆಯಿಲ್ಲ. ಇದು ಮರಾಠಿಯ ಕೊರತೆಯೆಂದು ಯಾರೂ ತಿಳಿಯಬಾರದು. ಆ ಭಾಷೆಗೆ ಬೇಕಾಗಿಲ್ಲ, ಅದು ಇಟ್ಟುಕೊಂಡಿಲ್ಲ. ಬೇಕಾಗಿರುವುದು ನಮಗೆ. ನಮ್ಮಲ್ಲಿ ಬೆಳೆ ಹೊಲದಲ್ಲಿರುತ್ತದೆ, ಬೇಳೆ ಡಬ್ಬಿಯಲ್ಲಿರುತ್ತದೆ. ಒಲೆ ಉರಿಯುತ್ತದೆ, ಓಲೆ ಅಂಚೆಯಲ್ಲಿ ಬರುತ್ತದೆ ಅಥವಾ ಕಿವಿಯಲ್ಲಿ ತೂಗುತ್ತದೆ. ಕೊಳದಲ್ಲಿ ತಾವರೆ ಅರಳುತ್ತದೆ, ಕೋಳವನ್ನು ಕೈಗೆ ತೊಡಿಸುತ್ತಾರೆ. ಇಷ್ಟನ್ನೆಲ್ಲ ಒಂದೇ ಅಕ್ಷರದಿಂದ ಸಾಗಿಸಲು ಹೋದರೆ ಬೇಳೆ ಬೇಯುವುದಿಲ್ಲ.

ಇನ್ನು ರೈಲು ಹತ್ತೋಣ. ೧೮೫೩ನೆಯ ಇಸವಿ ಏಪ್ರಿಲ್ ೧೬ರಂದು ಈ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಹೊರಟು ೩೪ ಕಿಲೋಮೀಟರು ಓಡಿ ಬಂದು ನಿಂತದ್ದು ಇದೇ ಠಾಣೆಯಲ್ಲಿ. ಮರುವರ್ಷ, ೧೮೫೪ರಲ್ಲಿ, ಹಳಿ ಖಾಡಿಯನ್ನು ದಾಟಿ ಕಲ್ಯಾಣವನ್ನು ಮುಟ್ಟಿತು. ಇಂದಿನ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿದರೆ ಪುಣ್ಯ. ಸಿಗದಿದ್ದರೂ ಕಿವಿಗೆ ಟಿಕೆಟು ಬೇಕಾಗಿಲ್ಲ. ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ. ಒಂದೊಂದು ನಿಲ್ದಾಣ ಬರುವ ಮೊದಲು ಗಾಡಿಯೊಳಗಿನ ಧ್ವನಿ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಹೆಸರನ್ನು ಹೇಳುತ್ತದೆ. ಅದೇ ಹೆಸರನ್ನು ಪಕ್ಕದಲ್ಲಿ ಕುಳಿತ ನಮ್ಮವರು ಕನ್ನಡದಲ್ಲಿ ಹೇಳುವುದನ್ನು ಕೇಳಿ. “ಡೋಂಬಿವಲೀ” ಎಂದು ಗಾಡಿ ಎಳೆಯುತ್ತದೆ. “ಡೊಂಬಿವಲಿ ಬಂತು, ಏಳಿ” ಎಂದು ನಮ್ಮ ಶೆಟ್ಟರು ಮೊಟಕಾಗಿಸುತ್ತಾರೆ. ಮರಾಠಿಯ ಹೆಸರಿಗೂ ಕನ್ನಡದ ಹ್ರಸ್ವ ಒಕಾರವನ್ನು ಅಂಟಿಸಿ ತಮ್ಮದಾಗಿ ಮಾಡಿಕೊಂಡಿದ್ದಾರೆ. ಅಪ್ಪ ಮೊಟಕಾಗಿಸಿದ್ದನ್ನು ಶಾಲೆಗೆ ಹೋಗುವ ಮಗ ಮತ್ತೆ ಎಳೆಯುತ್ತಾನೆ. ಒಂದೇ ಬೆಂಚಿನ ಮೇಲೆ ಎರಡು ತಲೆಮಾರು, ಒಂದೇ ಊರು, ಎರಡು ಒಕಾರ!

ದಿವಾ ಸ್ಟೇಷನ್ನು ಬಂದಾಗ ಕರಾವಳಿಯವರ ಮುಖ ಸ್ವಲ್ಪ ಅರಳುವುದನ್ನು ಗಮನಿಸಿ. ಪನವೇಲಿನ ಕಡೆಗೆ ಹಳಿ ಕವಲೊಡೆಯುವುದು ಇಲ್ಲಿ. ೧೯೯೮ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಉಡುಪಿ ಮಂಗಳೂರುಗಳಿಗೆ ಅದೇ ರಾಜಮಾರ್ಗ. ಅತ್ತ ಕಲ್ಯಾಣದಲ್ಲಿ ಹಳಿ ಮತ್ತೆ ಎರಡಾಗುತ್ತದೆ: ಒಂದು ಕಸಾರಾದತ್ತ, ಇನ್ನೊಂದು ಕರ್ಜತಿನತ್ತ. ಕರ್ಜತಿನ ದಾರಿ ೧೮೬೩ರಲ್ಲಿ ತೆರೆದ ಬೋರಘಾಟವನ್ನು ಹತ್ತಿ, ಪುಣೆ ಸೊಲ್ಲಾಪುರಗಳ ಮೇಲೆ ಹಾದು ಕಲಬುರಗಿಗೆ ಹೋಗುತ್ತದೆ. ಹೀಗೆ ಕನ್ನಡನಾಡಿಗೆ ಹೋಗಲು ನಮಗೆ ಇಲ್ಲಿ ಎರಡು ಬಾಗಿಲು. ಕರಾವಳಿಯವರಿಗೆ ದಿವಾದ ಬಾಗಿಲು, ಬಯಲುಸೀಮೆಯವರಿಗೆ ಕಲ್ಯಾಣದ ಬಾಗಿಲು. ನಡುವಿನ ಡೊಂಬಿವಲಿಯ ಒಂದೇ ಕಟ್ಟಡದಲ್ಲಿ ಮೂರನೆಯ ಮಾಳಿಗೆಯಲ್ಲಿ ಕುಂದಾಪುರದವರು, ನಾಲ್ಕನೆಯದರಲ್ಲಿ ವಿಜಯಪುರದವರು ಇರುತ್ತಾರೆ.

ಆಗ ಮಕ್ಕಳಿಗೆ ಇನ್ನೊಂದು ಗೊಂದಲ. ಮೂರನೆಯ ಮಾಳಿಗೆಯವರದು ಮನೆ, ನಾಲ್ಕನೆಯ ಮಾಳಿಗೆಯವರದು ಮನಿ. ಕೆಳಗೆ ತಲೆ ನೋಯುತ್ತದೆ, ಮೇಲೆ ತಲಿ ನೋಯುತ್ತದೆ. “ಯಾವುದು ಸರಿ?” ಎಂದು ಮಗು ಕೇಳಿದರೆ ಹಿರಿಯರು ತಮ್ಮ ತಮ್ಮ ಜಿಲ್ಲೆಯ ಪಕ್ಷ ಹಿಡಿದು ವಾದಕ್ಕೆ ನಿಲ್ಲುತ್ತಾರೆ. ವಾದ ಬೇಕಾಗಿಲ್ಲ. ಕೊಂಚ ಕಿವಿಗೊಟ್ಟರೆ ಒಂದು ಸೊಗಸಾದ ಸಂಗತಿ ತಿಳಿಯುತ್ತದೆ. ಕನ್ನಡದ ಊರೂರಿಗೆ ಬದಲಾಗುವುದು ಹೆಚ್ಚಾಗಿ ಮಾತಿನ ಬಾಲ. ತಲೆ ಅಷ್ಟಾಗಿ ಬದಲಾಗುವುದಿಲ್ಲ. ಧಾರವಾಡದವರ ಬಾಯಲ್ಲಿ ಕೆರೆ ಕೆರಿಯಾದೀತು; ಕೇರಿಯಾಗಲಾರದು. ಕೇರಿ ಎಂದರೆ ಓಣಿ, ಅದು ಅವರಿಗೂ ಬೇರೆಯೇ. ಮೊದಲ ಅಕ್ಷರದ ಹ್ರಸ್ವ ದೀರ್ಘಗಳನ್ನು ಬೀದರಿನವರೂ ಬಿಟ್ಟುಕೊಟ್ಟಿಲ್ಲ, ಮೈಸೂರಿನವರೂ ಬಿಟ್ಟುಕೊಟ್ಟಿಲ್ಲ. ಎಲ್ಲ ಕನ್ನಡಗಳೂ ಕೂಡಿ ಕಾಯ್ದುಕೊಂಡು ಬಂದ ಗಂಟು ಅದು. ಆದುದರಿಂದ ಮಗು ಮನೆ ಎನ್ನಲಿ, ಮನಿ ಎನ್ನಲಿ. ಅದರ ಅಜ್ಜಿಯ ಊರಿನ ಇಷ್ಟ. ಆದರೆ ಕೊಡು ಎನ್ನಬೇಕಾದಲ್ಲಿ ಕೋಡು ಎಂದರೆ ಮಾತ್ರ, “ನನಗೆಲ್ಲಿಯ ಕೋಡು ಮಗೂ? ನಿನಗೇ ಮೂಡಿರಬೇಕು” ಎಂದು ಯಾವ ಜಿಲ್ಲೆಯ ಅಜ್ಜಿಯೂ ಕೇಳಿಯಾಳು.

ಕಲ್ಯಾಣ ಬಂತು. ಇದು ಬಸವಣ್ಣನವರ ಕಲ್ಯಾಣವಲ್ಲ. ಅದು ಬೀದರ ಜಿಲ್ಲೆಯ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿ. ಇದು ಕೊಂಕಣದ ಕಲ್ಯಾಣ, ಹಳೆಯ ಬಂದರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಗ್ರಂಥದಲ್ಲಿ ಇದರ ಹೆಸರಿದೆ. ಕಾನ್ಹೇರಿಯ ಗುಹೆಗಳ ಶಾಸನಗಳಲ್ಲಿ ದಾನ ಮಾಡಿದವರ ಊರಾಗಿ ಇದರ ಹೆಸರಿದೆ. ಎರಡೂ ಕಲ್ಯಾಣಗಳ ಬರಹ ಒಂದೇ. ಉಚ್ಚಾರವೇ ಬೇರೆ. ಇಲ್ಲಿಯ ಜನ ಹೇಳುವುದು ಕಲ್ಯಾಣ್. ನಾವು ಹೇಳುವುದು ಕಲ್ಯಾಣ. ಮಾತಿನ ಕೊನೆಯಲ್ಲಿ ಬರುವ ಹ್ರಸ್ವ ಅಕಾರಕ್ಕೆ ಮರಾಠಿಯಲ್ಲಿ ಸಾಮಾನ್ಯವಾಗಿ ಎರಡೇ ಗತಿ: ಬಿದ್ದುಹೋಗಬೇಕು, ಇಲ್ಲವೆ ಬೆಳೆದು ಆಕಾರವಾಗಬೇಕು. ಕಲ್ಯಾಣ ಕಲ್ಯಾಣ್ ಆಯಿತು. ನಮ್ಮ ಅಕ್ಕ, ಅಣ್ಣಂದಿರು ಅಲ್ಲಿಗೆ ಹೋಗಿ ಅಕ್ಕಾ, ಅಣ್ಣಾ ಆದರು. ಕನ್ನಡಕ್ಕೆ ವ್ಯಂಜನದ ಮೇಲೆ ಮಾತು ನಿಲ್ಲಿಸುವುದೆಂದರೆ ಮೆಟ್ಟಿಲಿನ ಮೇಲೆ ಒಂಟಿ ಕಾಲಲ್ಲಿ ನಿಂತ ಹಾಗೆ. ಬಸ್ ಬಂದರೆ ಬಸ್ಸು, ಪೆನ್ ಬಂದರೆ ಪೆನ್ನು, ಲೋಕಲ್ ಬಂದರೆ ಲೋಕಲ್ಲು. ಎಲ್ಲಕ್ಕೂ ಒಂದು ಸ್ವರದ ಮಣೆ ಹಾಕಿ ಕೂರಿಸಿದಾಗಲೇ ನಮ್ಮ ಬಾಯಿಗೆ ಸಮಾಧಾನ.

ಕಲ್ಯಾಣದಿಂದ ಠಾಣೆಗೆ ಹಿಂದಿರುಗಿ ವಾಶಿಯ ಗಾಡಿ ಹಿಡಿಯೋಣ. ಖಾಡಿಯಾಚೆ ಹೊಸ ಊರೊಂದನ್ನು ಕಟ್ಟಬೇಕೆಂದು ಸಿಡ್ಕೋ ಸಂಸ್ಥೆ ಹುಟ್ಟಿದ್ದು ೧೯೭೦ರಲ್ಲಿ. ಮಾನಖುರ್ದಿನಿಂದ ವಾಶಿಗೆ ರೈಲು ಬಂದದ್ದು ೧೯೯೨ರಲ್ಲಿ. ಠಾಣೆಯಿಂದ ವಾಶಿಯ ಕಡೆಗೆ ಗಾಡಿ ಓಡಲಾರಂಭಿಸಿದ್ದು ೨೦೦೪ರಲ್ಲಿ. ಐರೋಲಿ, ರಬಾಳೆ, ಘಣಸೋಲಿ, ಕೋಪರಖೈರಣೆ, ತುರ್ಭೆ, ಸಾನಪಾಡಾ, ವಾಶಿ. ಇತ್ತ ನೇರುಳ್, ಬೇಲಾಪುರ. ಹಳೆಯ ಹಳ್ಳಿಗಳ ಹೆಸರುಗಳು ಹೊಸ ಕಟ್ಟಡಗಳ ಮೇಲೆ. ರಬಾಳೆಯ ಳಕಾರವನ್ನು ಕೇಳಿದಾಗ ನಮಗೆ ಊರಿನವರು ಸಿಕ್ಕಿದಷ್ಟು ಸಂತೋಷ. ಏಕೆಂದರೆ ಅದು ಮರಾಠಿಗೂ ಕನ್ನಡಕ್ಕೂ ಸಮಾನವಾದ ಆಸ್ತಿ. ನಮ್ಮ ಮಕ್ಕಳು ಳಕಾರವನ್ನು ಇಲ್ಲಿ ಕಳೆದುಕೊಳ್ಳುವುದಿಲ್ಲ. ಅಷ್ಟರಮಟ್ಟಿಗೆ ನೆರೆಯವರ ಋಣ ನಮ್ಮ ಮೇಲಿದೆ.

ಈ ಭಾಗದಲ್ಲಿ ಗಣಕಯಂತ್ರದ ಕಚೇರಿಗಳು ಬಹಳ. ನಮ್ಮ ಪರಿಚಯದವರ ಹುಡುಗನೊಬ್ಬ ಐರೋಲಿಯ ಒಂದು ಕಚೇರಿಯಲ್ಲಿದ್ದಾನೆ. ಕಂಪನಿಯವರು ಅವನನ್ನು ವಿಯೆಟ್ನಾಂ ದೇಶಕ್ಕೆ ಕಳುಹಿಸುವವರಿದ್ದರು. ಆದ್ದರಿಂದ ರಾತ್ರಿ ಊಟವಾದ ಮೇಲೆ ಆ ಭಾಷೆಯ ಪಾಠ. ಆ ಭಾಷೆಯನ್ನು ಬರೆಯುವುದು ರೋಮನ್ ಅಕ್ಷರಗಳಲ್ಲಿ. ಹದಿನೇಳನೆಯ ಶತಮಾನದಲ್ಲಿ ಐರೋಪ್ಯ ಪಾದ್ರಿಗಳು ಕೂಡಿಸಿದ ಲಿಪಿ ಅದು. ಅವರಲ್ಲೊಬ್ಬರಾದ ಅಲೆಕ್ಸಾಂಡರ್ ದ ರೋಡ್ಸ್ ಸಿದ್ಧಪಡಿಸಿದ ನಿಘಂಟು ೧೬೫೧ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಇಂಗ್ಲಿಷಿನಲ್ಲಿ ಸ್ವರಕ್ಕೆಂದು ಇರುವುದು ಐದಾರು ಅಕ್ಷರ. ಅವರು ಅಕ್ಷರಗಳಿಗೆ ಟೋಪಿಯಿಟ್ಟು, ಬಟ್ಟಲಿಟ್ಟು, ಕೊಂಬು ಮೂಡಿಸಿ ಹನ್ನೆರಡು ಮಾಡಿಕೊಂಡಿದ್ದಾರೆ. ಅದರ ಮೇಲೆ ಧ್ವನಿಯ ಏರಿಳಿತಗಳ ಗುರುತು ಬೇರೆ.

ಹುಡುಗನಿಗೆ ಮೊದಲ ದಿನವೇ ಒಂದು ಜೋಡಿ ಸಿಕ್ಕಿತು. ತಾಯ್ ಎಂದು ಎಳೆದರೆ ಕಿವಿ, ತಯ್ ಎಂದು ಮೊಟಕಾಗಿಸಿದರೆ ಕೈ. ಜೊತೆಯಲ್ಲಿ ಕಲಿಯುತ್ತಿದ್ದವರು ತಡಬಡಿಸಿದರು, ಇವನಿಗೆ ಕಷ್ಟವಾಗಲಿಲ್ಲ. ಅ ಆ ಎರಡನ್ನೂ ಅಳೆದು ಬಳಸುವ ಮನೆಯವನಲ್ಲವೆ! ಆದರೆ ಎರಡನೆಯ ಜೋಡಿಯಲ್ಲಿ ನಿಂತುಬಿಟ್ಟ. ತುಟಿಯನ್ನು ದುಂಡಗೆ ಮಾಡಿ ಥು ಎಂದರೆ ಶರತ್ಕಾಲ. ಅದೇ ಸ್ವರವನ್ನು ತುಟಿ ದುಂಡಗೆ ಮಾಡದೆ, ನಗುವಾಗಿನಂತೆ ಚಪ್ಪಟೆಯಾಗಿಟ್ಟು ಹೇಳಿದರೆ ಪತ್ರ, ಅಂದರೆ ಓಲೆ. ಎಷ್ಟು ಸಲ ಹೇಳಿದರೂ ಓಲೆಯ ಜಾಗದಲ್ಲಿ ಶರತ್ಕಾಲವೇ ಬರುತ್ತಿತ್ತು. ಮನೆಯವರು ಉಡುಪಿಯ ಕಡೆಯ ತುಳುವರು. ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ಅಜ್ಜಿ, “ಅದೇನು ಮಹಾ! ನಮ್ಮ ‘ಇಲ್ಲ್’ ಅನ್ನುವಾಗ ಕೊನೆಗೆ ಬರುವುದು ಅದೇ ಅಲ್ಲವೆ ಮಗ?” ಎಂದರಂತೆ. ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಅದರ ಕೊನೆಯಲ್ಲಿ ಒಂದು ಅರ್ಧ ಉಕಾರವಿದೆ. ನಾಲಗೆ ಹಿಂದಕ್ಕೆ ಸರಿಯುತ್ತದೆ, ತುಟಿ ಮಾತ್ರ ಅಲುಗುವುದಿಲ್ಲ. ಹುಡುಗ ಇಲ್ಲ್ ಎಂದು ನಾಲ್ಕು ಸಲ ಹೇಳಿ, ಕೊನೆಯ ಸ್ವರವನ್ನು ಹಾಗೆಯೇ ಹಿಡಿದುಕೊಂಡು ವಿಯೆಟ್ನಾಮಿನ ಓಲೆಗೆ ಅಂಟಿಸಿದ. ಪಾಠ ಹೇಳುವಾಕೆ ಪರದೆಯ ಮೇಲಿಂದಲೇ ಚಪ್ಪಾಳೆ ತಟ್ಟಿದರಂತೆ.

ಈ ಪ್ರಸಂಗವನ್ನು ಕೇಳಿದ ಮೇಲೆ ನನ್ನ ಮನಸ್ಸಿಗೆ ಹತ್ತಿದ ಯೋಚನೆ ಇದು. ತುಳುವಿನ ಆ ಅರ್ಧ ಉಕಾರಕ್ಕೆ ನಾವು ದಿನವೂ ಬಳಸುವ ಕನ್ನಡ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಬರೆಯುವಾಗ ಕೆಲವರು ವ್ಯಂಜನದಲ್ಲಿ ನಿಲ್ಲಿಸುತ್ತಾರೆ, ಕೆಲವರು ಉಕಾರವನ್ನೇ ಹಾಕಿಬಿಡುತ್ತಾರೆ. ಆದರೂ ಸ್ವರ ಅಳಿದಿಲ್ಲ. ಉಡುಪಿಯಿಂದ ಡೊಂಬಿವಲಿಗೆ ಬಂದರೂ ಅಜ್ಜಿಯ ಬಾಯಲ್ಲಿ ಅಚ್ಚಳಿಯದೆ ಇದೆ. ಅದನ್ನು ಉಳಿಸಿದವರು ಯಾರು? ಯಾವ ಪುಸ್ತಕವೂ ಅಲ್ಲ, ಮನೆಯಲ್ಲಿ ಮಾತಾಡಿದವರು.

ನಮ್ಮ ಎಕಾರ ಒಕಾರಗಳ ಚರಿತ್ರೆಯೂ ಹೀಗೆಯೇ ಇದೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಸುಮಾರು ಕ್ರಿ.ಶ. ೪೫೦ರದೆಂದು ಎಣಿಸುವ ಹಲ್ಮಿಡಿ ಶಾಸನ ಮೊದಲುಗೊಂಡು ನಮ್ಮ ಹಳೆಯ ಶಾಸನಗಳ ಬರಹದಲ್ಲಿ ಎ ಏಗಳ ಭೇದವನ್ನಾಗಲಿ ಒ ಓಗಳ ಭೇದವನ್ನಾಗಲಿ ತೋರಿಸುತ್ತಿರಲಿಲ್ಲ. ಕಲ್ಲಿನ ಮೇಲೆ ಒಂದೇ ಗುರುತು. ಓದುವವನೇ ಅರಿತು ಹ್ರಸ್ವವನ್ನೋ ದೀರ್ಘವನ್ನೋ ಉಚ್ಚರಿಸಬೇಕು. ಅಂದರೆ ಇಂದು ನಾಗರಿಯಲ್ಲಿ ಓದುವ ನಮ್ಮ ಮಕ್ಕಳಿಗೆ ಇರುವ ತೊಡಕೇ ಅಂದು ಕನ್ನಡದಲ್ಲಿ ಓದುವ ಕನ್ನಡಿಗರಿಗೂ ಇತ್ತು. ಆದರೂ ಕೆರೆ ಕೆರೆಯಾಗಿಯೇ ಉಳಿಯಿತು, ಕೇರೆ ಕೇರೆಯಾಗಿಯೇ ಉಳಿಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಅಕ್ಷರಗಳನ್ನು ಲೆಕ್ಕ ಹಾಕುವಾಗ ಹ್ರಸ್ವ ಎ ಒಗಳನ್ನು ದೇಶೀಯವೆಂದು ಎಣಿಸಿದ, ಸಂಸ್ಕೃತದಿಂದ ಬಂದವಲ್ಲ, ಈ ನೆಲದವೇ ಎಂದು. ಕೇಶಿರಾಜನ ಕಿವಿಗೆ ಅವು ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಜನರ ಬಾಯಲ್ಲಿ ಅವು ಇದ್ದುದರಿಂದ. ನೂರಾರು ವರ್ಷ ಲಿಪಿಯ ಆಸರೆಯಿಲ್ಲದೆ ಈ ಎರಡು ಸ್ವರಗಳನ್ನು ದಾಟಿಸಿಕೊಂಡು ಬಂದವರು ಒಲೆಯ ಮುಂದಿನ ತಾಯಂದಿರು, ಹೊಲದಲ್ಲಿನ ರೈತರು, ತೊಟ್ಟಿಲು ತೂಗಿದ ಅಜ್ಜಿಯರು.

ಒಲೆ, ಹೊಲ, ತೊಟ್ಟಿಲು: ನೋಡಿದಿರಾ? ಹ್ರಸ್ವ ಒಕಾರವಿಲ್ಲದೆ ಆ ವಾಕ್ಯವನ್ನು ಹೇಳುವುದೇ ಆಗಲಿಲ್ಲ. ನಮ್ಮ ಕಷ್ಟದ ಗುಟ್ಟೂ ಇಲ್ಲಿಯೇ ಇದೆ. ಸಂಸ್ಕೃತದಿಂದ ಬಂದ ದೇವ, ಲೋಕ, ಯೋಗ, ಕ್ಷೇಮಗಳಲ್ಲಿ ಎಲ್ಲವೂ ದೀರ್ಘ. ನಮ್ಮ ಮಕ್ಕಳು ಅವನ್ನು ತಪ್ಪಿಲ್ಲದೆ ಹೇಳುತ್ತಾರೆ. ಸಂಘದ ವಾರ್ಷಿಕೋತ್ಸವದಲ್ಲಿ ಸ್ತೋತ್ರವನ್ನು ಸ್ವಚ್ಛವಾಗಿ ಹೇಳಿ ಬಹುಮಾನ ಪಡೆದ ಮಗು ಮನೆಗೆ ಬಂದು ಬೆಲ್ಲ ಬೆಣ್ಣೆ ಕೇಳುವಾಗ ಬೇಲ್ಲ ಬೇಣ್ಣೆ ಎನ್ನುತ್ತದೆ. ಹ್ರಸ್ವ ಎ ಒಗಳು ಇರುವುದೆಲ್ಲ ಮನೆಯ ಮಾತಿನಲ್ಲಿ: ಎಣ್ಣೆ, ಬೆಣ್ಣೆ, ಬೆಲ್ಲ, ಬೆಳಕು, ಕೊಡ, ಮೊರ, ಮೊಸರು, ಸೊಪ್ಪು, ಸೊಸೆ, ಮೊಮ್ಮಗ. ಇವನ್ನು ವೇದಿಕೆಯ ಮೇಲೆ ಕಲಿಸಲಾಗುವುದಿಲ್ಲ. ಅಡುಗೆಮನೆಯಲ್ಲಿ ಕನ್ನಡ ನಿಂತರೆ ಈ ಸ್ವರಗಳೂ ನಿಂತವೆಂದೇ ಅರ್ಥ. ವೇದಿಕೆಯ ಕನ್ನಡ ಆಮೇಲೂ ಕೆಲವು ಕಾಲ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ, ಅದೇ ಮೋಸ.

ಹಾಗಾದರೆ ಮಾಡುವುದೇನು? ದೊಡ್ಡ ಯೋಜನೆ ಬೇಕಾಗಿಲ್ಲ. ನಮ್ಮ ಛಂದಸ್ಸಿನವರು ಹೇಳಿಕೊಟ್ಟ ಮಾತ್ರೆಯ ಲೆಕ್ಕ ಸಾಕು. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು. ಬೆಳೆಗೆ ಎರಡು ಚಪ್ಪಾಳೆ, ಬೇಳೆಗೆ ಮೂರು. ಕೊಡು ಎಂದರೆ ಎರಡು, ಕೋಡು ಎಂದರೆ ಮೂರು. ಐದು ವರ್ಷದ ಮಗುವಿಗೆ ಇದು ಪಾ‌ಠವಲ್ಲ, ಆಟ. ಶಾಲೆಗೆ ಹೋಗುವ ಮಕ್ಕಳಿಗೆ ಇನ್ನೊಂದು ಉಪಾಯ: ಅವರು ಇಂಗ್ಲಿಷಿನ ಪೆನ್ ಎನ್ನುವಾಗ ಪೇನ್ ಎನ್ನುವುದಿಲ್ಲ. ಹ್ರಸ್ವ ಎಕಾರ ಅವರ ನಾಲಗೆಯಲ್ಲಿ ಆಗಲೇ ಇದೆ. “ಪೆನ್ನಿನ ಪೆ ಹೇಗೋ ಬೆಣ್ಣೆಯ ಬೆ ಹಾಗೆ” ಎಂದು ತೋರಿಸಿಕೊಟ್ಟರೆ ಆಯಿತು.

ಎಲ್ಲಕ್ಕಿಂತ ಮುಖ್ಯವಾದ ಮಾತು ಕೊನೆಗೆ. ಮಗು ತಪ್ಪಾಗಿ ಹೇಳಿದಾಗ ನಗಬಾರದು. ಈ ಲೇಖನದ ಮೊದಲಿಗೆ ನಾವು ಕೇರೆಯ ಹೆಸರಿನಲ್ಲಿ ನಕ್ಕದ್ದು ಮಗು ಕೇಳಿಸದಷ್ಟು ದೂರದಲ್ಲಿ. ಅದರ ಎದುರಿಗೆ ನಗುವುದು ಬೇರೆ. ಬೇಸಗೆ ರಜೆಯಲ್ಲಿ ಊರಿಗೆ ಹೋದಾಗ ದಾಯಾದಿ ಮಕ್ಕಳೆಲ್ಲ ಸುತ್ತ ಸೇರಿ, “ಇನ್ನೊಂದು ಸಲ ಹೇಳು, ಇನ್ನೊಂದು ಸಲ ಹೇಳು” ಎಂದು ಮುಂಬಯಿಯ ಮಗುವಿನಿಂದ ಕೋಡು ಎನ್ನಿಸಿ ಬಿದ್ದು ಬಿದ್ದು ನಗುವುದು ಹೊಸತಲ್ಲ. ಅವರಿಗೆ ವಿನೋದ. ಈ ಮಗು ಆ ದಿನ ಸಂಜೆಯಿಂದ ಹಿಂದಿಗೆ ತಿರುಗುತ್ತದೆ. ಸ್ವರವನ್ನು ತಪ್ಪಿದ ನಾಲಗೆ ನಾಳೆ ತಿದ್ದಿಕೊಂಡೀತು. ನಾಚಿಕೆಯಿಂದ ಕಟ್ಟಿದ ನಾಲಗೆಯನ್ನು ಬಿಡಿಸುವುದು ಬಲು ಕಷ್ಟ. ತಪ್ಪು ಹೇಳಿದರೆ ತಪ್ಪೆನ್ನದೆ ಸರಿಯಾದದ್ದನ್ನು ಉತ್ತರದಲ್ಲಿ ಸೇರಿಸಿ ಹೇಳಬೇಕು, ಅಷ್ಟೆ. “ಅಜ್ಜಿ, ದೋಸೆ ಕೋಡು” ಎಂದರೆ, “ಕೊಡುತ್ತೇನೆ ಮಗೂ, ಎರಡು ಕೊಡಲೇ, ಮೂರು ಕೊಡಲೇ?” ಎನ್ನುವುದು. ದೋಸೆ ಮುಗಿಯುವುದರೊಳಗೆ ಹ್ರಸ್ವ ಒಕಾರ ಮೂರು ಸಲ ಕಿವಿಗೆ ಬಿದ್ದಿರುತ್ತದೆ.

ವಾಶಿಯ ಯಾವುದೇ ಸೆಕ್ಟರಿನ ಯಾವುದೇ ಕಟ್ಟಡದ ಹೆಸರುಫಲಕದ ಮುಂದೆ ನಿಂತು ನೋಡಿ. ಮರಾಠಿಗರು, ಗುಜರಾತಿಗಳು, ಮಲಯಾಳಿಗಳು, ಪಂಜಾಬಿಗಳು, ತಮಿಳರು, ನಡುವೆ ನಮ್ಮವರು. ಇಲ್ಲಿ ಬದುಕುವವನಿಗೆ ಬೆರೆಯಲು ಬರಬೇಕು. ಮಕ್ಕಳು ಮರಾಠಿಯನ್ನು ಮರಾಠಿಯವರಂತೆಯೇ ಆಡಬೇಕು. ಅದರಲ್ಲಿ ನಮಗೆ ಹೆಮ್ಮೆಯೇ. ಆದರೆ ಬೆರೆ ಎಂಬುದು ಒಂದು ಮಾತು, ಬೇರೆ ಎಂಬುದು ಇನ್ನೊಂದು. ಒಂದು ಮಾತ್ರೆಯ ಅಂತರದಲ್ಲಿ ಎರಡೂ ನಮ್ಮ ಭಾಷೆಯಲ್ಲಿವೆ. ಎರಡನ್ನೂ ಬಿಡಿಸಿ ಹೇಳಲು ಬರುವವರೆಗೆ ಮಕ್ಕಳು ಎಲ್ಲರೊಡನೆ ಬೆರೆತೂ ಬೇರೆಯಾಗಿ ಉಳಿಯಬಲ್ಲರು.

ಈ ಸಂಚಿಕೆ ಕೈಗೆ ಬಂದ ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಂದ ಹತ್ತರವರೆಗೆ ಎಣಿಸಿ ಕೇಳಿರಿ. ಶಾಲೆಯ ಎಣಿಕೆ ಏಕ್, ದೋನ್ ಎಂದು ದೀರ್ಘ ಏಕಾರ ಓಕಾರಗಳಿಂದ ಹೊರಡುತ್ತದೆ. ನಮ್ಮದು ಒಂದು, ಎರಡು ಎಂದು ಹ್ರಸ್ವ ಒಕಾರ ಎಕಾರಗಳಿಂದಲೇ ಹೊರಡುತ್ತದೆ. ಮುಂದೆ ಹೋಗಿ ಏಳರಲ್ಲಿ ಎಳೆಯುತ್ತದೆ. ಎಂಟರಲ್ಲಿ, ಒಂಬತ್ತರಲ್ಲಿ ಮತ್ತೆ ಮೊಟಕಾಗುತ್ತದೆ. ಓಕಾರವೊಂದು ಉಳಿಯಿತೆನ್ನುತ್ತೀರಾ? ಕಣ್ಣುಮುಚ್ಚಾಲೆಯಾಡುವ ಮಕ್ಕಳು ಹತ್ತು ಎಣಿಸಿದ ಮೇಲೆ ಏನು ಕೂಗುತ್ತಾರೋ ನೆನಪು ಮಾಡಿಕೊಳ್ಳಿ: ಓಡು!